ಅಂಜಮ್ಮ ತಿಕ್ಕಿದ ಹಿತ್ತಾಳೆ

ಅಂಜಮ್ಮನನ್ನು ನಮ್ಮ ಶೆಡ್ಡಿನಲ್ಲಿ ಯಾರೂ ಹೊಡೆಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳ ಮಾತು ಬಂದಾಗಲೆಲ್ಲ ನಮ್ಮವರು ತಮ್ಮ ಸಮರ್ಥನೆಗೆ ಇದನ್ನೇ ಹಿಡಿದುಕೊಳ್ಳುತ್ತಾರೆ. "ನಾವೇನು ಅವಳ ಮೇಲೆ ಕೈ ಮಾಡಿದ್ವಾ?" ಎನ್ನುತ್ತಾರೆ. ನಿಜ, ಮಾಡಲಿಲ್ಲ. ಕೈ ಮಾಡದೆಯೇ ಒಬ್ಬ ಹೆಂಗಸನ್ನು ಮುಗಿಸುವುದು ಹೇಗೆ ಎಂದು ಕಲಿಯಬೇಕಾದವರು ಕೋಲಾರದ ನಮ್ಮ ಹಳೆಯ ಎಂಜಿನ್ ಶೆಡ್ಡಿಗೆ ಬರಬೇಕಾಗಿತ್ತು. ಆ ಶೆಡ್ಡಿನಲ್ಲಿ ಟೈಮ್‌ಕೀಪರ್ ಆಗಿ ಇಪ್ಪತ್ತೆರಡು ವರ್ಷ ಎಲ್ಲರ ಹಾಜರಿ ಬರೆದವನು ನಾನು. ಹೆಸರು ಕೋದಂಡರಾಮಪ್ಪ. ಈಗ ಪಿಂಚಣಿ ತಿನ್ನುತ್ತ ಮನೆಯಲ್ಲಿ ಕೂತಿದ್ದೇನೆ, ಬಿ.ಪಿ. ಒಂದು ಬಿಟ್ಟರೆ ಆರೋಗ್ಯವಾಗಿಯೇ ಇದ್ದೇನೆ.

ನಮ್ಮದು ಸಣ್ಣ ಗೇಜಿನ ಲೈನು. ಬಂಗಾರಪೇಟೆಯಿಂದ ಕೋಲಾರ, ಅಲ್ಲಿಂದ ಶ್ರೀನಿವಾಸಪುರ, ಹಾಗೇ ಮುಂದಕ್ಕೆ. ಹಾಲಿನ ಕ್ಯಾನು, ಮಾವಿನ ಬುಟ್ಟಿ, ರೇಷ್ಮೆ ಗೂಡಿನ ಚೀಲ, ಕೋರ್ಟಿಗೆ ಹೋಗುವ ದಾಯಾದಿಗಳು ಎಲ್ಲರನ್ನೂ ಒಂದೇ ಬೋಗಿಯಲ್ಲಿ ತುಂಬಿಕೊಂಡು ಓಡುತ್ತಿದ್ದ ಗಾಡಿ. ಶೆಡ್ಡಿನಲ್ಲಿ ಐದು ಎಂಜಿನ್‌ಗಳಿದ್ದವು. ಅವುಗಳಲ್ಲಿ ಏಳನೇ ನಂಬರಿನದು ಎಲ್ಲಕ್ಕಿಂತ ಹಳೆಯದು. ಈ ಲೈನು ಹಾಕುವುದಕ್ಕೂ ಮುಂಚೆ ಇನ್ನೆಲ್ಲೋ ಓಡಿ, ಮುದಿಯಾದ ಮೇಲೆ ನಮ್ಮಲ್ಲಿಗೆ ಬಂದದ್ದು ಎಂದು ಹಳಬರು ಹೇಳುತ್ತಿದ್ದರು. ಅದರ ಮೂತಿಯ ಪಕ್ಕದಲ್ಲಿ ಅಂಗೈ ಅಗಲದ ಒಂದು ಹಿತ್ತಾಳೆ ಫಲಕವಿತ್ತು. ಮಾಡಿದ ಕಾರ್ಖಾನೆಯ ಹೆಸರು, ಇಸವಿ, ಅದರ ಕ್ರಮಸಂಖ್ಯೆ ಅದರ ಮೇಲೆ ಸಣ್ಣದಾಗಿ ಕೆತ್ತಿದ್ದರು.

ಆ ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಮುನಿಕೃಷ್ಣಪ್ಪ, ಅಂಜಮ್ಮನ ಗಂಡ. ಎಪ್ಪತ್ತೊಂದರ ಆಷಾಢದಲ್ಲಿ ಶ್ರೀನಿವಾಸಪುರದ ಸ್ಟೇಷನ್ನಿನಲ್ಲಿ ವ್ಯಾಗನ್ನಿಗೆ ಕೊಂಡಿ ಹಾಕಲು ನಡುವೆ ಇಳಿದವನು ಮೇಲೆ ಬರಲಿಲ್ಲ. ಕೆಳಗಿನಿಂದ ಕೈ ಸನ್ನೆ ಬರುವ ಮೊದಲೇ ಡ್ರೈವರ್ ದೊಡ್ಡಮುನಿಯಪ್ಪ ಎಂಜಿನ್ನನ್ನು ಹಿಂದಕ್ಕೆ ಒತ್ತಿದ್ದ. ಇದು ದೊಡ್ಡಮುನಿಯಪ್ಪನಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೆ ವಿಚಾರಣೆಯ ಕಾಗದದಲ್ಲಿ ಸತ್ತವನದೇ ಅಜಾಗ್ರತೆ ಎಂದು ಬರೆಯಲಾಯಿತು. ಸತ್ತವನು ಎದ್ದು ಬಂದು ಅಲ್ಲ ಎನ್ನುವುದಿಲ್ಲವಲ್ಲ.

ಮುಳಬಾಗಿಲಿನ ಕಡೆಯ ದೊಡ್ಡಮುನಿಯಪ್ಪನದು ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಜೋರು. ತಿಥಿ ಕಳೆದು ಹದಿನೈದು ದಿನಕ್ಕೆ ಏಳನೇ ನಂಬರು ಹತ್ತುವುದಿಲ್ಲ ಎಂದು ಕೂತುಬಿಟ್ಟ. "ಅದಕ್ಕೆ ರಕ್ತದ ರುಚಿ ಹತ್ತೈತೆ. ಕೋಳಿ ಕೊಯ್ದಿದ್ದಾಯ್ತು, ಬೂದುಗುಂಬಳ ಒಡೆದಿದ್ದಾಯ್ತು, ಸಾಲ್ದು. ಯಾರ ರಕ್ತ ಬಿತ್ತೋ ಅವ್ರ ಮನೇವಳೇ ಬಂದು ತೊಳೀಬೇಕು. ಇಲ್ಲಾಂದ್ರೆ ಇನ್ನೊಂದು ತಿನ್ನುತ್ತೆ" ಎಂದ. ಬೇರೆ ಡ್ರೈವರುಗಳೂ ತಲೆಯಾಡಿಸಿದರು. ತನ್ನ ತಪ್ಪನ್ನು ಎಂಜಿನ್ನಿನ ಹಸಿವಿನ ಮೇಲೆ ಹಾಕಿ ಕೈ ತೊಳೆದುಕೊಂಡ ಗಂಡಸು ಅವನು. ಆ ತೊಳೆಯುವ ಕೆಲಸಕ್ಕೂ ಅವನಿಗೆ ಇನ್ನೊಬ್ಬರ ಕೈ ಬೇಕಾಗಿತ್ತು.

ಅಂಜಮ್ಮನಿಗೆ ಆಗ ಇಪ್ಪತ್ತನಾಲ್ಕು. ತಾಯಲೂರಿನ ಅತ್ತೆಮನೆಯಲ್ಲಿ ಅವಳನ್ನು "ಗಂಡನ್ನ ನುಂಗ್ಕೊಂಡೋಳು" ಎಂದು ಕರೆದು, ಹನ್ನೆರಡನೆಯ ದಿನಕ್ಕೆ ಸೀರೆಯ ಗಂಟಿನ ಸಮೇತ ಹೊರಗೆ ಹಾಕಿದ್ದರು. ಮಕ್ಕಳಿರಲಿಲ್ಲ. ಗಂಡನ ಕೆಲಸದ ಬದಲಿಗೆ ಏನಾದರೂ ಕೊಡಿ ಎಂದು ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಫೋರ್ಮನ್ ಇದೇ ಸಮಯ ಎಂದುಕೊಂಡ. ಕಲ್ಲಿದ್ದಲು ಬುಟ್ಟಿ ಹೊರುವ ದಿನಗೂಲಿ ಕೊಡುತ್ತೇನೆ, ಆದರೆ ಪ್ರತಿ ಶುಕ್ರವಾರ ಬೆಳಗ್ಗೆ ಗಾಡಿ ಹೊರಡುವ ಮುಂಚೆ ಏಳನೇ ನಂಬರನ್ನು ತೊಳೆಯಬೇಕು ಎಂದ. ಅವಳು "ಯಾವ ಚಕ್ರ?" ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ, ಎಲ್ಲ ಚಕ್ರಗಳನ್ನೂ ತೊಳೆದಳು.

ಚಕ್ರ ತೊಳೆದ ಮೇಲೆ ಹಿತ್ತಾಳೆ ಫಲಕ ತಿಕ್ಕಬೇಕು. ಹುಣಸೆಹಣ್ಣು, ಇಟ್ಟಿಗೆ ಪುಡಿ, ಮೇಲೊಂದು ಹಿಡಿ ಮರಳು. ತಿಕ್ಕಿದವಳು ವಿಧವೆ, ಆದ್ದರಿಂದ ಕುಂಕುಮ ಇಡುವ ಹಾಗಿಲ್ಲ. ಅವಳು ಪಕ್ಕಕ್ಕೆ ಸರಿದು ನಿಂತ ಮೇಲೆ ದೊಡ್ಡಮುನಿಯಪ್ಪ ಮುಂದೆ ಬಂದು ಫಲಕದಲ್ಲಿ ಬಗ್ಗಿ ನೋಡುತ್ತಿದ್ದ. "ಮುಖಂ ಕನಪಡಾಲ ಅಂಜಮ್ಮಾ. ನನ್ನ ಮುಖ ಕಾಣ್ಬೇಕು. ಇನ್ನೂ ಕಾಣ್ತಿಲ್ಲ, ತಿಕ್ಕು" ಎನ್ನುತ್ತಿದ್ದ. ಮೀಸೆ ಕಾಣುವವರೆಗೆ ತಿಕ್ಕಿಸಿ, ಆಮೇಲೆ ತಾನೇ ಕುಂಕುಮ ಇಟ್ಟು ಹತ್ತುತ್ತಿದ್ದ. ಒಂದು ಸಲ ಫಿಟ್ಟರ್ ಸುಭಾನ್ ತಡೆಯಲಾರದೆ, "ಅಕ್ಷರ ಸವೀತಾ ಐತೆ ಕಣಣ್ಣಾ" ಎಂದದ್ದಕ್ಕೆ, "ಅಕ್ಷರ ಯಾರಿಗ್ಬೇಕ್ಲಾ ಸಾಬಿ, ಎಂಜಿನ್ನೇನು ಪರೀಕ್ಷೆ ಬರೀತೈತಾ?" ಎಂದು ನಕ್ಕ. ನಾವೆಲ್ಲ ನಕ್ಕೆವು.

ಶೆಡ್ಡಿನವರಿಗೆ ತಮಾಷೆಗೆ ಒಂದು ವಸ್ತು ಬೇಕು. ಗಂಡನನ್ನು ಕಿತ್ತುಕೊಂಡದ್ದು ಎಂಜಿನ್ನು, ಆದ್ದರಿಂದ ಅದು ಅಂಜಮ್ಮನ ಸವತಿ ಎಂದು ಯಾರೋ ಶುರು ಮಾಡಿದರು. ಶುಕ್ರವಾರ ಬಂತೆಂದರೆ "ಸವತಿಗೆ ಸ್ನಾನ ಆಯ್ತೇನಮ್ಮಾ?" "ಬೆನ್ನುಜ್ಜಿದ್ಯಾ?" "ಎಣ್ಣೆ ಹಚ್ಚಿದ್ಯಾ?" ಹನ್ನೊಂದು ವರ್ಷ ಅದೇ ಮಾತು. ಹಳಸಿದ ಜೋಕನ್ನು ನಮ್ಮವರು ಮುದ್ದೆಯ ಹಾಗೆ ದಿನಾ ತಿನ್ನಬಲ್ಲರು. ನಾನು ಗುಮಾಸ್ತ, ಅಷ್ಟು ಕೆಳಗಿಳಿದು ಹೇಳುತ್ತಿರಲಿಲ್ಲ. ಹಾಜರಿ ಪುಸ್ತಕದ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ.

ಅವಳು ಅಳುವವಳಲ್ಲ. ಬುಟ್ಟಿ ಹೊತ್ತು ಕತ್ತು ಗಟ್ಟಿಯಾಗಿತ್ತು. ಶೆಡ್ಡಿನ ಹಿಂದೆ ನೀರಿನ ತೊಟ್ಟಿಯ ಪಕ್ಕ ಹಳಿಗಳ ಕೆಳಗೆ ಹಾಸುವ ಹಳೆಯ ಮರದ ಸ್ಲೀಪರುಗಳನ್ನು ಒಡ್ಡಿಕೊಂಡು ಒಂದು ಗುಡಿಸಲು ಮಾಡಿಕೊಂಡಿದ್ದಳು. ಒಂದು ದಿನ ನಾನೇ ಕುತೂಹಲಕ್ಕೆ ಕೇಳಿದೆ, "ಗಂಡನನ್ನ ಕೊಂದಿದ್ದನ್ನ ಹಿಂಗೆ ತಿಕ್ಕೋದಕ್ಕೆ ನಿಂಗೆ ಏನೂ ಅನ್ಸಲ್ವಾ?" ಅವಳು ಬುಟ್ಟಿ ಕೆಳಗಿಡದೆಯೇ ಹೇಳಿದಳು, "ಅದ್ರ ತಪ್ಪೇನೈತೆ ಸ್ವಾಮಿ. ಅದು ಓಡಿಸಿದಂಗೆ ಓಡ್ತು." ಅವಳಿಗೂ ಎಲ್ಲ ಗೊತ್ತಿತ್ತು ಎಂದು ನನಗೆ ಆವತ್ತು ಗೊತ್ತಾಯಿತು. ಗೊತ್ತಿದ್ದೂ ಪ್ರತಿ ಶುಕ್ರವಾರ ಆ ದೊಡ್ಡಮುನಿಯಪ್ಪನ ಮುಖ ಕಾಣುವ ಹಾಗೆ ತಿಕ್ಕುತ್ತಿದ್ದಳು.

ಎಂಬತ್ತರಲ್ಲಿ ಡೀಸೆಲ್ ಬಂತು. ದೊಡ್ಡಮುನಿಯಪ್ಪ ಮೂರು ತಿಂಗಳು ತರಬೇತಿಗೆ ಹೋಗಿ ಬಂದು ಬಿಳಿ ಪ್ಯಾಂಟು ಹಾಕಿದ. ಹಬೆ ಎಂಜಿನ್‌ಗಳನ್ನು ಸಾಲಾಗಿ ಹಿಂದಿನ ಲೈನಿಗೆ ತಳ್ಳಿದರು. ಕಲ್ಲಿದ್ದಲೇ ಇಲ್ಲದ ಮೇಲೆ ಬುಟ್ಟಿ ಹೊರುವವರು ಯಾಕೆ? ಎಂಟು ಹೆಂಗಸರಲ್ಲಿ ಏಳು ಮಂದಿಯನ್ನು ಕಳಿಸಿದರು. ಅಂಜಮ್ಮನನ್ನು ಕಸ ಗುಡಿಸಲು ಉಳಿಸಿಕೊಂಡರು, ಅದೂ ಇವತ್ತೋ ನಾಳೆಯೋ ಎಂಬ ಹಾಗೆ. ಅವಳು ಮಾತ್ರ ಶುಕ್ರವಾರ ಬಿಡಲಿಲ್ಲ. ನಿಂತ ಎಂಜಿನ್ನನ್ನೂ ತೊಳೆದು ತಿಕ್ಕುತ್ತಿದ್ದಳು. ಯಾಕೆ ಎಂದರೆ, "ಬಿಟ್ರೆ ಇನ್ಯಾರನ್ನಾದ್ರೂ ತಿಂದ್ರೆ?" ಎಂದಳು. ದೊಡ್ಡಮುನಿಯಪ್ಪನ ತಪ್ಪು ಗೊತ್ತಿದ್ದೂ, ರಕ್ತದ ರುಚಿಯ ನಮ್ಮ ಸುಳ್ಳನ್ನು ಶೆಡ್ಡಿನಲ್ಲಿ ನಂಬಿದ್ದವಳು ಅವಳೊಬ್ಬಳೇ.

ಎಂಬತ್ತೆರಡರಲ್ಲಿ ಮ್ಯೂಸಿಯಂ ಮಾತು ಹುಟ್ಟಿತು. ಮೇಲಿನ ಕಚೇರಿಯಲ್ಲಿ ಯಾರಿಗೋ ಹೊಳೆಯಿತಂತೆ, ಈ ಭಾಗದ ಸಣ್ಣ ಗೇಜಿಗೆ ಒಂದು ಪ್ರಾದೇಶಿಕ ರೈಲು ಸಂಗ್ರಹಾಲಯ ಆಗಬೇಕೆಂದು. ನಮ್ಮ ಗೂಡ್ಸ್ ಶೆಡ್ಡಿಗೆ ಸುಣ್ಣ ಹೊಡೆಸಿದರು. ಮುಂದೆ ಎರಡು ತುಂಡು ಹಳಿ ಹಾಕಿಸಿ, ಸುತ್ತ ಇಟ್ಟಿಗೆ ಓರೆಯಾಗಿ ನೆಟ್ಟು ಕನಕಾಂಬರದ ಪಾತಿ ಮಾಡಿಸಿದರು. ಸಾಮಾನು ಕೂಡಿಸುವ ಪಟ್ಟಿ ನನ್ನದು. ಟೇಕಲ್ ಸ್ಟೇಷನ್ನಿನಿಂದ ಒಡೆದ ಗಂಟೆ ಬಂತು, ಶ್ರೀನಿವಾಸಪುರದಿಂದ ಸಿಗ್ನಲ್ ತೋಳು, ಮಾಲೂರಿನಿಂದ ಟಿಕೆಟ್ಟಿಗೆ ತಾರೀಖು ಕುಟ್ಟುವ ಯಂತ್ರ, ಕೈದೀಪಗಳು, ಯಾವ ಕಾಲದ್ದೋ ಒಂದು ಟೋಪಿ. ಒಂದೊಂದಕ್ಕೂ ಚೀಟಿ ಬರೆದು ಕಟ್ಟಿದೆ. ಸತ್ತ ಸಾಮಾನಿಗೆ ಎಷ್ಟು ಮರ್ಯಾದೆ ಎಂದು ನನಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಎಂಜಿನ್ ಆರಿಸಲು ಮ್ಯೂಸಿಯಂ ಸಾಹೇಬರು ಬಂದರು. ಕನ್ನಡಕದ, ಸಣ್ಣ ದನಿಯ ಮನುಷ್ಯ, ಉತ್ತರದ ಕಡೆಯವರು. ಸಾಲಾಗಿ ನಿಂತ ಐದು ಎಂಜಿನ್‌ಗಳಲ್ಲಿ ನಾಲ್ಕು ತುಕ್ಕು, ಹಕ್ಕಿ ಹಿಕ್ಕೆ, ಮುಳ್ಳಿನ ಬಳ್ಳಿ. ಏಳನೇ ನಂಬರೊಂದೇ ಮದುವೆ ಹೆಣ್ಣಿನ ಹಾಗೆ ನಿಂತಿತ್ತು. ಸಾಹೇಬರು ಅದರ ಸುತ್ತ ಎರಡು ಸುತ್ತು ಬಂದು, ಇದನ್ನು ಕಾಪಾಡಿದವರು ಯಾರು ಎಂದು ಕೇಳಿದರು. ಅಂಜಮ್ಮ ಪೊರಕೆ ಹಿಡಿದೇ ಬಂದಳು. ಸಾಹೇಬರು ನನ್ನ ಬಾಯಿಂದಲೇ ಅವಳಿಗೆ ಹೇಳಿಸಿದರು, ಈ ಎಂಜಿನ್ ಮ್ಯೂಸಿಯಂಗೆ ಬಂದರೆ ಇದರ ಜೊತೆಗೆ ನೀನೂ ಬಾ, ನೋಡಿಕೊಳ್ಳಲು ಒಂದು ಖಾಯಂ ಕೆಲಸ ಇದೆ, ಒಂದು ಕೋಣೆಯ ಕ್ವಾರ್ಟರ್ಸೂ ಇದೆ, ಅದು ನಿನ್ನದೇ ಎಂದು.

ಹನ್ನೊಂದು ವರ್ಷದಲ್ಲಿ ಅವಳು ಕೂತದ್ದನ್ನು ನಾನು ನೋಡಿರಲಿಲ್ಲ. ಆವತ್ತು ಹಳಿಯ ಮೇಲೆ ಕೂತಳು. "ಖಾಯಂ ಅಂದ್ರೆ ಯಾರೂ ಹೋಗು ಅನ್ನಂಗಿಲ್ವಾ ಸ್ವಾಮಿ?" ಎಂದು ಕೇಳಿದಳು. ಇಲ್ಲ ಎಂದೆ. "ಬಾಗ್ಲು ಇರ್ತೈತಾ ಕೋಣೆಗೆ? ಚಿಲಕ ಇರೋ ಬಾಗ್ಲು?" ಇರುತ್ತದೆ ಎಂದೆ.

ಆಮೇಲೆ ಸಾಹೇಬರು ಭೂತಗನ್ನಡಿ ತೆಗೆದು ಫಲಕ ನೋಡಿದರು. ಅವರ ಹುಬ್ಬು ಗಂಟಾಯಿತು. ಇಸವಿಯ ಮೊದಲೆರಡು ಅಂಕಿ ಹಾಗೂ ಹೀಗೂ ಕಾಣುತ್ತಿದ್ದವು, ಮಿಕ್ಕದ್ದು ಗೆರೆಯ ನೆರಳಿನಷ್ಟು ಮಾತ್ರ. ಅವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟು. ಈ ಎಂಜಿನ್ನಿನ ದಾಖಲೆ ಯಾವ ಕಚೇರಿಯಲ್ಲೂ ಉಳಿದಿಲ್ಲ. ಇದು ಅಷ್ಟು ಹಳೆಯದು ಎನ್ನುವುದಕ್ಕೆ ಈ ಫಲಕವೊಂದೇ ಸಾಕ್ಷಿ. ಮುಂದಿನ ತಿಂಗಳ ಮೊದಲ ಶನಿವಾರ ಸಮಿತಿ ಬರುತ್ತದೆ, ತೆಳು ಕಾಗದ ಒತ್ತಿ ಅಚ್ಚು ತೆಗೆಯುವ ತಜ್ಞರು ಜೊತೆಗೆ ಬರುತ್ತಾರೆ, ಅವರ ಕೈಗೆ ಅಕ್ಷರ ಸಿಗಬಹುದು. ಅಲ್ಲಿಯವರೆಗೆ ಇದನ್ನು ಯಾರೂ ಮುಟ್ಟಬಾರದು, ಒದ್ದೆ ಬಟ್ಟೆ ಕೂಡ ಸೋಕಬಾರದು, ಸಿಬ್ಬಂದಿಗೆಲ್ಲ ತಿಳಿಸಿ. ನಾನು "ಎಸ್ ಸರ್" ಎಂದೆ. ಅಂಜಮ್ಮ ಅಷ್ಟು ಹೊತ್ತಿಗೆ ಪೊರಕೆ ಹಿಡಿದು ದೂರ ಹೋಗಿದ್ದಳು.

ಆವತ್ತು ಮನೆಯಲ್ಲಿ ಇದನ್ನೆಲ್ಲ ಹೇಳಿದೆ, ಬುದ್ಧಿಯಿಲ್ಲದೆ. ನನ್ನ ಹೆಂಡತಿ ಶ್ಯಾಮಲಮ್ಮ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ಅವಳ ತಮ್ಮ ಆವಲಪ್ಪ, ಸುಗಟೂರಿನವನು, ಪಿ.ಯು.ಸಿ. ಎರಡು ಸಲ ಡುಮ್ಕಿ ಹೊಡೆದು ನಮ್ಮ ಮನೆಯ ಜಗಲಿಯಲ್ಲಿ ಬೀಡುಬಿಟ್ಟು ಆರು ವರ್ಷವಾಗಿತ್ತು. "ಗುಡ್ಸೋಳಿಗೆ ಖಾಯಂ ಕೆಲ್ಸ. ನನ್ ತಮ್ಮನಿಗೆ ಏನಿಲ್ಲ. ನೀವು ಅಲ್ಲಿ ಇಪ್ಪತ್ತು ವರ್ಷ ಏನ್ ಕಡ್ದು ಕಟ್ಟೆ ಹಾಕಿದ್ರಿ?" ಎಂದಳು. ನನ್ನ ತಲೆಯಲ್ಲಿ ಲೆಕ್ಕಾಚಾರ ತಾನೇ ನಡೆದುಹೋಯಿತು. ಏಳನೇ ನಂಬರು ಆಯ್ಕೆಯಾದರೆ ಕೆಲಸ ಅಂಜಮ್ಮನದು. ಬೇರೆ ಎಂಜಿನ್ ಆಯ್ಕೆಯಾದರೆ ಸಾಹೇಬರಿಗೆ ಅವಳ ಹಂಗಿಲ್ಲ, ಆಗ ಫೋರ್ಮನ್ ಯಾರ ಹೆಸರು ಕಳಿಸುತ್ತಾನೋ ಅವನಿಗೆ. ಫೋರ್ಮನ್ ಕಳಿಸುವ ಕಾಗದ ಬರೆಯುವವನು ನಾನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಯ ಪಟ್ಟ ನನಗೆ ತಾನಾಗಿ ಬಂದಿತ್ತು.

ಮಾರನೆಯ ದಿನ ನೋಟಿಸು ಬರೆದು ಬೋರ್ಡಿಗೆ ಅಂಟಿಸಿದೆ. ಗುಂಡಗಿನ ಅಕ್ಷರದಲ್ಲಿ, ಕೆಳಗೆ ಅಡ್ಡಗೆರೆ ಎಳೆದು. ಏಳನೇ ನಂಬರಿನ ಫಲಕವನ್ನು ಮುಂದಿನ ಆದೇಶದವರೆಗೆ ಯಾರೂ ಮುಟ್ಟತಕ್ಕದ್ದಲ್ಲ. ಓದು ಬಾರದವಳಿಗೆ ನೋಟಿಸು. ಅಂಜಮ್ಮ ಆ ಬೋರ್ಡಿನ ಕೆಳಗಿನ ನೆಲವನ್ನು ದಿನಾ ಗುಡಿಸುತ್ತಿದ್ದಳು.

ಓದಿದವರು ಯಾರಾದರೂ ಅವಳಿಗೆ ಹೇಳಬಹುದಾಗಿತ್ತು. ಒಬ್ಬರೂ ಹೇಳಲಿಲ್ಲ. ಸುಭಾನ್ ಒಬ್ಬ ಹೇಳುತ್ತಿದ್ದನೇನೋ, ಅವನು ತಾಯಿಗೆ ಕಾಯಿಲೆ ಎಂದು ರಜೆಯ ಮೇಲಿದ್ದ. ಉಳಿದವರಿಗೆ ಖಾಯಂ ಕೆಲಸದ ಸುದ್ದಿ ತಲುಪಿತ್ತು. ಹನ್ನೊಂದು ವರ್ಷ ಸವತಿ ಸವತಿ ಎಂದು ಗೇಲಿ ಮಾಡಿದ ಹೆಂಗಸು ನಾಳೆ ನಮ್ಮ ಸಮಕ್ಕೆ ಸಂಬಳದ ಸಾಲಿನಲ್ಲಿ ನಿಲ್ಲುತ್ತಾಳೆ ಎನ್ನುವುದು ಯಾರ ಗಂಟಲಲ್ಲೂ ಇಳಿದಿರಲಿಲ್ಲ. ಮೂರು ಶುಕ್ರವಾರ ಅವಳು ತಿಕ್ಕಿದಳು. ಮೂರು ಶುಕ್ರವಾರವೂ ನಾವೆಲ್ಲ ಬೇರೆ ಕಡೆ ನೋಡಿದೆವು.

ಸಮಿತಿ ಬರುವ ಹಿಂದಿನ ದಿನವೂ ಶುಕ್ರವಾರವೇ. ಮಧ್ಯಾಹ್ನ ಊಟ ಮುಗಿಸಿ, ಕೈ ತೊಳೆದು, ಅಡಿಕೆ ಹಾಕಿಕೊಂಡು ಬರುತ್ತಿದ್ದವನು ನೋಡಿದೆ. ಅಂಜಮ್ಮ ಬೆಳಗ್ಗೆಯೇ ಒಮ್ಮೆ ತಿಕ್ಕಿದ್ದಳು, ಸಾಲದೆಂದು ಮತ್ತೆ ಶುರು ಮಾಡಿದ್ದಳು. ಹೊಸ ಇಟ್ಟಿಗೆ ಕುಟ್ಟಿ ಪುಡಿ ಮಾಡಿ, ಸೀರೆಯ ಸೆರಗಿನಲ್ಲಿ ಜರಡಿ ಹಿಡಿದಿದ್ದಳು. ಮೊಣಕೈವರೆಗೆ ಕೆಂಪು. ಬಗ್ಗಿ, ಇಡೀ ಮೈಯ ಭಾರ ಬಿಟ್ಟು, ಅಡ್ಡಡ್ಡ, ಉದ್ದುದ್ದ ತಿಕ್ಕುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ಅವಳ ನಗು ನಾನು ನೋಡಿದ್ದು ಅದೇ ಮೊದಲ ಸಲ.

"ನಾಳೆ ದೊಡ್ಡೋರು ಬರ್ತಾರಂತಲ್ಲ ಸ್ವಾಮಿ. ನೋಡಿ ಹೇಳಿ, ಹೊಳೀತಾ ಐತಾ?"

ನಾನು ಹತ್ತಿರ ಹೋಗಿ ನೋಡಿದೆ. ಇಸವಿಯ ಮೊದಲ ಅಂಕಿ ಇನ್ನೂ ಇತ್ತು. ಎರಡನೆಯದು ಅರ್ಧ ಇತ್ತು. ಸಾಕು ನಿಲ್ಲಿಸು ಎಂದಿದ್ದರೆ ಬಹುಶಃ ಆ ತಜ್ಞರಿಗೆ ಏನಾದರೂ ಸಿಗುತ್ತಿತ್ತು. ಒಂದೇ ಮಾತು. ಬಾಯಲ್ಲಿ ಅಡಿಕೆ ಚೂರು ಇತ್ತು, ಅದನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿದೆ.

"ಇನ್ನೂ ಸ್ವಲ್ಪ ತಿಕ್ಕು" ಎಂದೆ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಶ್ಯಾಮಲಮ್ಮನಿಗೂ ಹೇಳಿಲ್ಲ. ಅಂಜಮ್ಮನ ಮೇಲೆ ನನಗೆ ದ್ವೇಷವಿರಲಿಲ್ಲ. ಇದ್ದಿದ್ದರೆ ಒಂದು ಥರ ನೆಮ್ಮದಿಯಾಗುತ್ತಿತ್ತು. ಭಾವಮೈದುನನನ್ನು ಜಗಲಿಯಿಂದ ಎಬ್ಬಿಸಬೇಕಾಗಿತ್ತು, ಅಷ್ಟೇ. ನಾನು ಹಾಜರಿ ಕೋಣೆಗೆ ಹೋಗಿ ಕೂತೆ. ಸಂಜೆ ನಾಲ್ಕೂವರೆಯವರೆಗೆ ತಿಕ್ಕುವ ಸದ್ದು ಕೇಳುತ್ತಲೇ ಇತ್ತು.

ಶನಿವಾರ ಸಮಿತಿ ಬಂತು. ತಜ್ಞರು ತೆಳು ಕಾಗದ, ಕರಿ ಪೆನ್ಸಿಲು, ಸಣ್ಣ ಕುಂಚ ಎಲ್ಲ ಜೋಡಿಸಿಕೊಂಡು ಫಲಕದ ಮುಂದೆ ಕೂತರು. ನಾಲ್ಕು ಸಲ ಕಾಗದ ಒತ್ತಿದರು. ನಾಲ್ಕು ಸಲವೂ ಬೋಳು ಕಪ್ಪು. ಕೊನೆಗೆ ಕನ್ನಡಕ ತೆಗೆದು, "ಇದು ಕನ್ನಡಿ" ಎಂದರು. ಮ್ಯೂಸಿಯಂ ಸಾಹೇಬರ ಮುಖ ಬಿಳಿಚಿಕೊಂಡಿತು. ಇದನ್ನು ತಿಕ್ಕಿದ್ದು ಯಾರು ಎಂದರು. ನಾವು ಹದಿನಾಲ್ಕು ಗಂಡಸರು ಒಟ್ಟಿಗೆ ಅಂಜಮ್ಮನ ಕಡೆ ತಿರುಗಿದೆವು. ಅವಳು ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಎರಡು ಹೆಜ್ಜೆ ಮುಂದೆ ಬಂದು ಹೆಮ್ಮೆಯಿಂದಲೇ ಹೇಳಿದಳು. "ನಾನೇ ಸ್ವಾಮಿ. ನೆನ್ನೆ ಸಾಯಂಕಾಲದವರ್ಗೂ ತಿಕ್ದೆ."

ಸಾಹೇಬರು ಇಂಗ್ಲಿಷಿನಲ್ಲಿ ಬೈದರು. ಅವಳಿಗೆ ಅರ್ಥವಾಗಲಿಲ್ಲ, ಬೈಗುಳ ಎಂಬುದು ಮಾತ್ರ ತಿಳಿಯಿತು. ನಗು ಮುಖದ ಮೇಲೆ ಹಾಗೇ ಉಳಿಯಿತು, ಕೈಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಸೆರಗಿನೊಳಗೆ ಸೇರಿಸಿಕೊಂಡಳು. ಸುಭಾನ್ ಆವತ್ತೇ ರಜೆ ಮುಗಿಸಿ ಬಂದಿದ್ದ. "ಸಾಬ್, ಪ್ಲೇಟ್ ಹೋದ್ರೆ ಹೋಗ್ಲಿ, ಸಿಲಿಂಡರ್ ಮೇಲೂ ನಂಬರ್ ಇರ್ತದೆ" ಎಂದು ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದ. ಇತ್ತು, ಆದರೆ ಅದು ಬೇರೆ ಎಂಜಿನ್ನಿನ ನಂಬರು. ಎಂದೋ ಒಡೆದಾಗ ಬದಲಾಯಿಸಿದ್ದರು. ಬಾಯ್ಲರಿನ ಮೇಲಿನದೂ ಬೇರೆಯದೇ. ಅವನು ಮೈಯೆಲ್ಲ ಜಿಡ್ಡು ಮಾಡಿಕೊಂಡು ಹೊರಗೆ ಬಂದು, ಅಂಜಮ್ಮನ ಮುಖ ನೋಡಲಾರದೆ ನಲ್ಲಿಯ ಕಡೆ ಹೋದ.

ಆಮೇಲೆ ಹನ್ನೊಂದನೇ ನಂಬರು ನೋಡಿದರು. ಅದನ್ನು ಯಾರೂ ಎಂದೂ ತೊಳೆದವರಲ್ಲ. ಅದರ ಫಲಕದ ಮೇಲೆ ಎಣ್ಣೆ, ಮಸಿ, ಧೂಳು ಸೇರಿ ಹೆಬ್ಬೆರಳು ದಪ್ಪ ಹೆಪ್ಪುಗಟ್ಟಿತ್ತು. ಸೀಮೆಎಣ್ಣೆ ಹಾಕಿ ಕೆರೆದರೆ ಒಳಗೆ ಅಕ್ಷರಗಳು ನೆನ್ನೆ ಕೆತ್ತಿದ ಹಾಗಿದ್ದವು. ಏಳಕ್ಕಿಂತ ಮೂವತ್ತು ವರ್ಷ ಚಿಕ್ಕದು, ಆದರೂ ಸಾಕ್ಷಿ ಇದೆಯಲ್ಲ. ಸಮಿತಿ ಅದನ್ನೇ ಆರಿಸಿ, ಟೀ ಕುಡಿದು, ಜೀಪು ಹತ್ತಿತು. ನಿರ್ಲಕ್ಷ್ಯಕ್ಕೆ ಬಹುಮಾನ ಸಿಕ್ಕಿತು.

ಎಂಬತ್ತಮೂರರ ಬೇಸಿಗೆಯಲ್ಲಿ ಮ್ಯೂಸಿಯಂ ತೆರೆಯಿತು. ಹನ್ನೊಂದನೇ ನಂಬರಿಗೆ ಹಸಿರು ಬಣ್ಣ, ಕೆಂಪು ಪಟ್ಟೆ. ಆವಲಪ್ಪನಿಗೆ ಖಾಕಿ ಅಂಗಿ, ಒಂದು ಕೋಣೆಯ ಕ್ವಾರ್ಟರ್ಸು, ಚಿಲಕವಿರುವ ಬಾಗಿಲು. ಅದೇ ವಾರ ಏಳನೇ ನಂಬರನ್ನು ಗುಜರಿಗೆ ಕೊಟ್ಟರು. ಗ್ಯಾಸು ಹಿಡಿದು ಆರು ದಿನ ಕೊಯ್ದರು. ತುಂಡುಗಳನ್ನು ಲಾರಿಗೆ ಹೇರಲು ಕೂಲಿ ಆಳು ಕಡಿಮೆ ಬಿತ್ತೆಂದು ಫೋರ್ಮನ್ ಅಂಜಮ್ಮನನ್ನೂ ಹಾಕಿದ. ಅವಳು ಹೊತ್ತಳು. ದೊಡ್ಡಮುನಿಯಪ್ಪ ಡೀಸೆಲ್ಲಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸವತಿ ಸತ್ಲಾ ಅಂಜಮ್ಮಾ? ಇನ್ನು ನಿಂದೇ ರಾಜ್ಯ" ಎಂದು ಕೂಗಿದ. ನಾವು ನಕ್ಕೆವು. ನಾನೂ ನಕ್ಕೆ.

ಅಷ್ಟಕ್ಕೇ ಮುಗಿಯಬಹುದಾಗಿತ್ತು. ಮಳೆಗಾಲದಲ್ಲಿ ಮೇಲಿನಿಂದ ಒಂದು ಕಾಗದ ಬಂತು. ಐತಿಹಾಸಿಕ ಫಲಕ ಹಾಳಾದದ್ದು ಹೇಗೆ, ಹೊಣೆ ಯಾರು, ಸೂಚನೆ ನೀಡಲಾಗಿತ್ತೇ, ವಿವರಣೆ ಕಳಿಸಿ ಎಂದು. ಫೋರ್ಮನ್ ಬೆವತ. ನಾನೂ ಬೆವತೆ. "ಯಾರಾದ್ರೂ ಒಬ್ರು ಒಪ್ಕೊಂಡ್ರೆ ಫೈಲ್ ಮುಚ್ತಾರೆ. ಅವಳ ಹತ್ರ ಬರೆಸ್ಕೊಂಡ್ಬಿಡು" ಎಂದ.

ಅಂಜಮ್ಮನೇ ಹೇಳಿದ ಹಾಗೆ ನಾನು ಬರೆದೆ. ಫಲಕ ಮುಟ್ಟಬಾರದೆಂಬ ನೋಟಿಸಿನ ವಿಷಯ ನನಗೆ ಚೆನ್ನಾಗಿ ತಿಳಿದಿತ್ತು. ತಿಳಿದೂ ನಾನು ನನ್ನ ಮೂಢನಂಬಿಕೆಯಿಂದ ಇಟ್ಟಿಗೆ ಪುಡಿ ಹಾಕಿ ತಿಕ್ಕಿ ಅಕ್ಷರಗಳನ್ನು ಅಳಿಸಿದ್ದೇನೆ. ಇದರಲ್ಲಿ ಬೇರೆ ಯಾರ ಪ್ರೇರಣೆಯೂ ಇರುವುದಿಲ್ಲ. ಮೂರೇ ವಾಕ್ಯ, ಒಳ್ಳೆಯ ಕನ್ನಡ. ಅವಳನ್ನು ಕರೆಸಿ ಬಾಗಿಲಲ್ಲಿ ನಿಲ್ಲಿಸಿದೆ.

"ಏನ್ ಬರ್ದೈತೆ ಸ್ವಾಮಿ?" ಎಂದು ಕೇಳಿದಳು.

"ಮ್ಯೂಸಿಯಂನಲ್ಲಿ ಗುಡಿಸೋ ಕೆಲಸಕ್ಕೆ. ನಿಂಗೆ ಕೊಡಿ ಅಂತ" ಎಂದೆ. ಹಾಗೆ ಹೇಳದಿದ್ದರೂ ಅವಳು ಹೆಬ್ಬೆಟ್ಟು ಒತ್ತುತ್ತಿದ್ದಳು. ಯಾಕೆ ಹೇಳಿದೆನೋ. ಬೇಗ ಮುಗಿಯಲಿ ಎಂದಿರಬೇಕು.

ಅವಳ ಕಣ್ಣು ಅರಳಿದ್ದನ್ನು ನಾನು ನೋಡಿದೆ. "ಅವತ್ತು ಸಾಹೇಬ್ರು ಬೈದ್ರಲ್ಲ. ನನ್ನ ಇಟ್ಗೋತಾರಾ?" ಎಂದಳು. ಇಟ್ಟುಕೊಳ್ಳುತ್ತಾರೆ ಎಂದೆ. ಹೆಬ್ಬೆರಳನ್ನು ಮಸಿಯ ಪ್ಯಾಡಿಗೆ ಒತ್ತಿ ಕಾಗದದ ಮೇಲಿಟ್ಟಳು. ತೆಗೆದರೆ ಅಲ್ಲಿದ್ದದ್ದು ಒಂದು ಕರಿ ಚುಕ್ಕೆ. ಗೆರೆಯಿಲ್ಲ, ಸುಳಿಯಿಲ್ಲ. ಇನ್ನೊಂದು ಸಲ ಒತ್ತಿಸಿದೆ. ಎಡಗೈ ಒತ್ತಿಸಿದೆ. ಅದೇ ಬೋಳು. ಕೈ ಹಿಡಿದು ತಿರುಗಿಸಿ ನೋಡಿದೆ. ಹತ್ತು ಬೆರಳಿನ ತುದಿಗಳೂ ಹೊಳೆಕಲ್ಲಿನ ಹಾಗೆ ನುಣ್ಣಗಿದ್ದವು. ಹನ್ನೆರಡು ವರ್ಷದ ಇಟ್ಟಿಗೆ ಪುಡಿ ಹಿತ್ತಾಳೆಯನ್ನು ಮಾತ್ರ ತಿಂದಿರಲಿಲ್ಲ.

ಫೋರ್ಮನ್ ಒಳಗೆ ಬಂದು ನೋಡಿ ರೇಗಿದ. "ಹಿಂಗೆ ಕಳಿಸಿದ್ರೆ ವಾಪಸ್ ಬರ್ತೈತೆ. ಇನ್ನೊಂದು ಹಾಳೇಲಿ ಬರ್ದು ಯಾರ್ದಾದ್ರೂ ಒಂದು ಬೆಟ್ಟು ಒತ್ತಿ ಕಳ್ಸಯ್ಯಾ, ಯಾರ್ ನೋಡ್ತಾರೆ?" ಎಂದು ಹೊರಟುಹೋದ.

ನಾನು ಮತ್ತೆ ಬರೆದೆ. ಅದೇ ಮೂರು ವಾಕ್ಯ. ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ನನ್ನ ಹೆಬ್ಬೆರಳನ್ನು ಮಸಿಗೆ ಅದ್ದಿ, ಅಂಜಮ್ಮ ಕೋಂ ಮುನಿಕೃಷ್ಣಪ್ಪ ಎಂದು ಬರೆದಿದ್ದ ಜಾಗದ ಮೇಲೆ ಒತ್ತಿದೆ. ಬಹಳ ಚೆನ್ನಾಗಿ ಬಂತು. ಒಂದೊಂದು ಗೆರೆಯೂ ಎಣಿಸುವ ಹಾಗಿತ್ತು.

ಅಂಜಮ್ಮ ನೋಡುತ್ತಿದ್ದಳು. ತಟ್ಟನೆ ಮುಂದೆ ಬಂದು ನನ್ನ ಕೈ ಹಿಡಿದುಕೊಂಡು, ಸೆರಗಿನ ತುದಿಯಿಂದ ಬೆರಳಿನ ಮಸಿ ಒರೆಸತೊಡಗಿದಳು. "ಅಯ್ಯೋ, ನನ್ ದೆಸೆಯಿಂದ ನಿಮ್ ಕೈ ಮಸಿ ಆಯ್ತಲ್ಲ ಸ್ವಾಮಿ. ಈ ಶೆಡ್ನಾಗೆ ನಂಗೋಸ್ಕರ ಇಷ್ಟು ಮಾಡ್ದೋರು ನೀವೊಬ್ರೇ" ಎಂದಳು. ನಾನು ಕೈ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಳ್ಳುವಷ್ಟು ಮಾನವೂ ನನ್ನಲ್ಲಿ ಇರಲಿಲ್ಲ. ಅವಳು ಉಗುರಿನ ಸಂದಿಯವರೆಗೆ ಒರೆಸಿ, ಚೊಕ್ಕ ಆಯಿತೇ ಎಂದು ಬೆಳಕಿಗೆ ಹಿಡಿದು ನೋಡಿ ಬಿಟ್ಟಳು.

"ಹಂಗಾದ್ರೆ ಸೋಮವಾರ ಬರ್ಲಾ? ಮ್ಯೂಸಿಯಂಗೆ?"

"ಬಾ" ಎಂದೆ.

ಶನಿವಾರ ಅವಳ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿದೆ. ಭಾನುವಾರ ಫೋರ್ಮನ್ ನೀರಿನ ತೊಟ್ಟಿಯ ಪಕ್ಕದ ಅವಳ ಗುಡಿಸಲಿನ ಸ್ಲೀಪರುಗಳನ್ನು ತೆಗೆಸಿದ. ಸೋಮವಾರ ಎಂಟು ಗಂಟೆಗೆ ಅಂಜಮ್ಮ ಬಟ್ಟೆಯ ಗಂಟು ಕಂಕುಳಲ್ಲಿ ಇಟ್ಟುಕೊಂಡು, ಹೊಸ ಪೊರಕೆಯೊಂದನ್ನು ತಾನೇ ಕಟ್ಟಿಕೊಂಡು ಮ್ಯೂಸಿಯಂ ಗೇಟಿಗೆ ಬಂದಳು. ಗೇಟಿನಲ್ಲಿ ಆವಲಪ್ಪ ಇದ್ದ. ಅವಳನ್ನು ಒಳಗೆ ಬಿಡಬೇಡ ಎಂದು ಹಿಂದಿನ ದಿನವೇ ಅವನಿಗೆ ಹೇಳಿಟ್ಟಿದ್ದೆ.